ಗೋಲಿನಾಗ ಮಿರ್ಚಿ ಬಂಡಿ

ಫುಟ್‌ಬಾಲ್ ಅಭಿಮಾನಿಯಾಗುವುದಕ್ಕಿಂತ ಹಲ್ಲುನೋವು ವಾಸಿ ಎಂಬುದು ಸಿದ್ದಲಿಂಗೇಶನ ಖಚಿತ ಅಭಿಪ್ರಾಯ. ಹಲ್ಲನ್ನಾದರೂ ಕೀಳಿಸಬಹುದು. ಬಳ್ಳಾರಿಯ ಗಾಂಧಿನಗರದ ಪುಟ್ಟ ಸ್ಟುಡಿಯೋದಲ್ಲಿ ಕೂತು, ಊರಿನ ಕೇಬಲ್ ಟೀವಿಯಲ್ಲಿ ಪ್ರತಿ ಭಾನುವಾರ ಸಂಜೆ ಅವನು ಇದನ್ನೇ ಬಗೆಬಗೆಯಾಗಿ ಹೇಳುತ್ತಿದ್ದ. ಊರು ನಗುತ್ತಿತ್ತು.

"ದೇವರು ವರ ಕೊಡಲಿಲ್ಲಂದ್ರ ಇನ್ನೊಂದು ಗುಡಿಗೆ ಹೋಗಬಹುದ್ರಿ. ಟೀಮು ಸೋತ್ರ ಎಲ್ಲಿಗೆ ಹೋಗ್ತೀರಿ? ನಮ್ಮ ಕೌಲ್ ಬಜಾರ್ ಹುಡುಗ್ರು, ಎದುರಿನವ್ರು ಚೆಂಡು ತಗೊಂಡು ಬಂದ್ರ ಬೀಗ್ರು ಬಂದಂಗ ದಾರಿ ಬಿಡ್ತಾರ. ಬರ್ರಿ, ಕುಂದರ್ರಿ, ನೀರು ಕುಡೀರಿ ಅನ್ನೋದೊಂದು ಬಾಕಿ."

ನಗಿಸಲೆಂದು ಅವನು ಹೀಗೆ ಬೈಯುತ್ತಿರಲಿಲ್ಲ. ಹೊಟ್ಟೆಯೊಳಗಿನ ಉರಿಯೇ ಬಾಯಿಗೆ ಬರುತ್ತಿತ್ತು. ಜನ ಅದನ್ನು ತಮಾಷೆ ಎಂದುಕೊಂಡರೆ ಅವನೇನು ಮಾಡಬೇಕು? ಹುಟ್ಟಿದ್ದೇ ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಬುದ್ಧಿ ಬಂದಾಗಿನಿಂದ ಆ ಟೀಮಿನ ಹಿಂದೆ ಅಲೆದು ಅಲೆದು ಸಾಕಾಗಿತ್ತು. ಜಿಲ್ಲಾ ಕಪ್ಪು ಒಮ್ಮೆಯೂ ಬಂದಿರಲಿಲ್ಲ.

ಈ ಸಲ ಕುರುಗೋಡಿನಲ್ಲಿ ನಡೆದ ಸೆಮಿಫೈನಲ್ಲನ್ನು ಟೀಮು ಹೇಗೋ ಗೆದ್ದಿತು, ಅದೂ ಮೂರು ಗೋಲು ಬಿಟ್ಟುಕೊಟ್ಟು. ಆ ಭಾನುವಾರ ಅವನಿಗೆ ಪಿತ್ತ ನೆತ್ತಿಗೇರಿತ್ತು.

"ನಮ್ಮ ಗೋಲ್‌ಕೀಪರ್ ಮೈಲಾರಪ್ಪ, ಚೆಂಡು ಒಳಗ ಹೋದಮ್ಯಾಲೆ ಹಾರ್ತಾನ, ಬಸ್ಸು ಹೋದಮ್ಯಾಲೆ ಕೈ ಮಾಡಿದಂಗ. ಅವನ ಬದಲಿಗೆ ಗೋಲಿನಾಗ ಒಂದು ಮಿರ್ಚಿ ಬಂಡಿ ನಿಂದರ್ಸ್ರಿ. ಎದುರಿನವ್ರು ತಿನ್ನಾಕರ ನಿಂದರ್ತಾರ."

ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಮೈಲಾರಪ್ಪನ ಆಟೋ ಗ್ಯಾರೇಜಿನ ಮುಂದೆ ಹಾಯುವವರೆಲ್ಲ "ಮಿರ್ಚಿ ಹೆಂಗ ಪ್ಲೇಟು?" ಎಂದು ಕೇಳತೊಡಗಿದರು. ಮೈಲಾರಪ್ಪನೂ ನಕ್ಕ. ಅವನು ಸಿದ್ದಲಿಂಗೇಶನ ಬಾಲ್ಯದ ಗೆಳೆಯ. ಗೆಳೆಯ ಬೈಯದೆ ಇನ್ಯಾರು ಬೈಯಬೇಕು ಎಂದು ಸಿದ್ದಲಿಂಗೇಶ ನಿಶ್ಚಿಂತೆಯಿಂದಿದ್ದ.

ಕೋಚ್ ಚಿದಾನಂದಪ್ಪ ಮಾತ್ರ ನಗಲಿಲ್ಲ. ಫೈನಲ್ ಸಿರುಗುಪ್ಪದಲ್ಲಿ, ಸಿರುಗುಪ್ಪದವರ ಮೇಲೆಯೇ. ಆ ಪಂದ್ಯಕ್ಕೆ ಮೈಲಾರಪ್ಪನನ್ನು ಕೈಬಿಟ್ಟು, ರೂಪನಗುಡಿಯ ಹುಡುಗ ವಿರೂಪಾಕ್ಷಿಯನ್ನು ಗೋಲಿಗೆ ಹಾಕಿದ. ವಯಸ್ಸಾಗಿದ್ದ ಮೈಲಾರಪ್ಪ, ಈ ಫೈನಲ್ ಆಡಿಯೇ ಬೂಟು ಬಿಚ್ಚುತ್ತೇನೆಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದ.

ಸುದ್ದಿ ಕೇಳಿ ಸಿದ್ದಲಿಂಗೇಶನಿಗೆ ಮೈ ಪರಚಿಕೊಳ್ಳುವಂತಾಯಿತು. ನೇರವಾಗಿ ಚಿದಾನಂದಪ್ಪನ ಮನೆಗೆ ಹೋದ.

"ಅಭಿಮಾನಿ ಬೈದ್ರ ಮನಿಯವ್ರು ಬೈದಂಗ್ರಿ. ಅದನ್ನ ಹಿಡಕೊಂಡು ಯಾರರ ಟೀಮು ಮಾಡ್ತಾರೇನ್ರಿ?"

"ತಮಾಷಿಗೆ ಅಂದಿರಿ, ಒಪ್ತೀನಿ," ಎಂದ ಚಿದಾನಂದಪ್ಪ. "ಆದ್ರ ಸುಳ್ಳು ಅಂದಿರೇನು? ಸುಳ್ಳು ಅಂತ ಒಂದು ಮಾತು ಹೇಳ್ರಿ, ಈಗಿಂದೀಗ ಅವನ್ನ ಹಾಕ್ತೀನಿ."

ಸಿದ್ದಲಿಂಗೇಶನೆಂಬ ಈ ಹಾಳು ಅಭಿಮಾನಿಗೆ ಕಪ್ಪೂ ಬೇಕಾಗಿತ್ತಲ್ಲ. ಗೆಳೆಯನಿಗಾಗಿ ಆಡಬೇಕಾದ ಆ ಒಂದು ಮಾತನ್ನು ಅವನು ಆಡಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಗಿ ಎದ್ದು ಬಂದ.

ಮುಂದಿನ ಭಾನುವಾರ ಟೀವಿಯಲ್ಲೇ ಸರಿಮಾಡಲು ಕೂತ. ಮುಖ ಗಂಭೀರ ಮಾಡಿಕೊಂಡು, "ಮೈಲಾರಪ್ಪನಂಥ ಗೋಲ್‌ಕೀಪರ್ ಈ ಜಿಲ್ಲಾದಾಗ ಇನ್ನೊಬ್ಬ ಇಲ್ಲ," ಎಂದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಫೋನು ಮಾಡಿ, "ಏನ್ ಹೊಡದ್ರಿ ಸಾರ್ ಇವತ್ತು," ಎಂದರು. ಖರೇನ ಅಂದೀನಿ ಎಂದು ಅವನು ರೇಗಿದಷ್ಟೂ ಅವರಿಗೆ ನಗು. ಇಂಥ ಊರಿನಲ್ಲಿ ಮನುಷ್ಯ ಬಾಯಿ ಬಿಡುವುದೇ ತಪ್ಪು ಎನ್ನಿಸಿತು.

ಫೈನಲ್‌ನಲ್ಲಿ ವಿರೂಪಾಕ್ಷಿ ಗೋಡೆಯಂತೆ ನಿಂತ. ಸಿರುಗುಪ್ಪದವರು ಎತ್ತಲಿಂದ ಒದ್ದರೂ ಚೆಂಡು ಅವನ ಕೈಗೇ. ಕೌಲ್ ಬಜಾರ್ ಒಂದು ಗೋಲಿನಿಂದ ಗೆದ್ದಿತು. ಹುಡುಗರು ಮೈದಾನದ ತುಂಬ ಹೊರಳಾಡಿದರು. ಇಸ್ತ್ರಿ ಮಾಡಿದ ಅಂಗಿಯಲ್ಲಿ ಗೆರೆಯಾಚೆ ನಿಂತಿದ್ದ ಮೈಲಾರಪ್ಪ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದ. ಸಿದ್ದಲಿಂಗೇಶ ಮೈಕು ಹಿಡಿದು ಅವನ ಹತ್ತಿರ ಹೋದ. ಟೀಮಿನಿಂದ ಕೈಬಿಟ್ಟ ಮೇಲೆ ಇಬ್ಬರೂ ಮೊದಲ ಸಲ ಎದುರಾಗಿದ್ದು ಆಗಲೇ.

"ಮೈಕು ಬಂದ್ ಮಾಡಲೇ," ಎಂದ ಮೈಲಾರಪ್ಪ. ಸಿದ್ದಲಿಂಗೇಶ ಬಂದ್ ಮಾಡಿದ.

"ಕೋಚು ಮಾಡಿದ್ದು ಸರಿ ಐತಿ. ಕೈಕಾಲು ಮೊದಲಿನಂಗ ಇಲ್ಲಂತ ನನಗೂ ಗೊತ್ತಿತ್ತು. ಆದ್ರ ನೀ ದಿನಾ ಗ್ಯಾರೇಜಿಗೆ ಬಂದು ಕುಂದರ್ತಿದ್ದಿ. ಲೇ, ಇನ್ನ ಸಾಕು ಮಾಡು ಅಂತ ಅಲ್ಲೇ ಒಂದು ಮಾತು ಹೇಳಿದ್ರ ನಾನ ಬಿಡ್ತಿದ್ದೆ. ಊರಿಗೆಲ್ಲ ಹೇಳಿದಿ, ನನಗೊಬ್ಬಗ ಹೇಳಲಿಲ್ಲ ನೀನು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಜಗಳವಾಡಬಹುದಿತ್ತು. ಮೈಲಾರಪ್ಪ ಗೆರೆ ದಾಟಿ ಹೋಗಿ ವಿರೂಪಾಕ್ಷಿಯನ್ನು ಹೆಗಲ ಮೇಲೆ ಎತ್ತಿಕೊಂಡ.

"ಸಾರ್, ಲೈವ್ ಐತಿ," ಎಂದು ಕ್ಯಾಮೆರಾದವನು ಕೂಗಿದ. "ಗೆದ್ದೀವಿ, ಏನರ ನಗಸ್ರಿ."

ಸಿದ್ದಲಿಂಗೇಶ ಮೈಕು ಹಾಕಿದ. "ಗೆದ್ದೀವ್ರಿ," ಎಂದ. ಅಷ್ಟಕ್ಕೇ ಕಣ್ಣಲ್ಲಿ ನೀರು ಸುರಿಯಿತು. ಪಾಪ, ಖುಷಿಗೆ ಮಾತೇ ಬರವಲ್ಲವು ಎಂದುಕೊಂಡು, ಟೀವಿ ಮುಂದೆ ಕೂತ ಬಳ್ಳಾರಿಯೆಲ್ಲ ಅವನ ಜೊತೆ ಕಣ್ಣೊರೆಸಿಕೊಂಡಿತು.