ಪಕ್ಕದ ಸೀಟಿನ ಬ್ರೇಕು

ಇಸ್ಪೀಟೆಲೆ ಹಂಚುವವಳ ಹೆಬ್ಬೆರಳಿನ ಉಗುರುಬಣ್ಣ ಒಂದು ಮೂಲೆಯಲ್ಲಿ ಎದ್ದು ಬಂದಿದೆ, ಬೆಳಿಗ್ಗೆ ಪಾತ್ರೆ ಉಜ್ಜಿರಬೇಕು, ಇಲ್ಲವೇ ಯಾವುದೋ ಚಿಂತೆಯಲ್ಲಿ ಹಲ್ಲಿನಿಂದ ಕೆರೆದುಕೊಂಡಿರಬೇಕು, ನನ್ನ ಪಣದ ಬಿಲ್ಲೆಗಳನ್ನು ಹಲ್ಲುಕಡ್ಡಿಯ ಕಡೆಗೆ ತಳ್ಳುತ್ತಿರುವುದು ಅದೇ ಹೆಬ್ಬೆರಳು, ಎರಡೂ ಅಂಗೈ ಸೇರಿಸಿ, ಮೆಲ್ಲಗೆ, ಸ್ಕೂಲಿನ ಬಾಗಿಲಲ್ಲಿ ಮಗುವನ್ನು ಒಳಗೆ ಬಿಡುವವರ ಹಾಗೆ – ನನ್ನ ರಾಶಿಯಲ್ಲಿ ಅರ್ಧ ಹೋಗುತ್ತಿದೆ, ನಾನು ಉಗುರು ನೋಡುತ್ತಿದ್ದೇನೆ. ಹಲ್ಲುಕಡ್ಡಿ ಎಂದರೆ ಎದುರು ಕೂತವನು, ಬಾಯಲ್ಲಿ ಸದಾ ಒಂದು ಕಡ್ಡಿ, ನಿಜವಾದ ಹೆಸರು ಕೇಳಿಲ್ಲ, ಈ ಪೋಕರ್ ಕೋಣೆಯಲ್ಲಿ ಯಾರ ಹೆಸರು ಯಾರಿಗೆ ಬೇಕು. ನನ್ನ ಕೈಯಲ್ಲಿ ಎರಡು ರಾಜ, ಅವನ ಕೈಯಲ್ಲಿ ಎರಡು ಒಂಬತ್ತು, ಮೇಜಿನ ಮೇಲೆ ನಾಲ್ಕು ಎಲೆ ಬಿದ್ದಾಗಲೂ ನಾನೇ ಮುಂದೆ, ಇನ್ನೊಂದೇ ಎಲೆ ಬಾಕಿ, ಇಡೀ ಕಟ್ಟಿನಲ್ಲಿ ಅವನನ್ನು ಬದುಕಿಸುವ ಎಲೆ ಎರಡೇ ಎರಡು, ಅದರಲ್ಲೊಂದು ಬಿತ್ತು, ಆಟೀನ್ ಒಂಬತ್ತು, ಕೆಂಪಗೆ, ತನ್ನ ಪಾಡಿಗೆ ತಾನು. ಸಾರಿ ಅಕ್ಕ, ಬಂದ್ಬಿಡ್ತು, ನಾನೇನ್ ಮಾಡ್ಲಿ, ಅಂದ. ಇರ್ಲಿ ಬಿಡಿ, ಆಟ ಅಂದ್ಮೇಲೆ ಇದೆಲ್ಲ ಇದ್ದಿದ್ದೇ. ಇದನ್ನು ಅಂದದ್ದು ನಾನೇ, ನನ್ನದೇ ದನಿ, ಆಸ್ಪತ್ರೆಯಲ್ಲಿ ಚೀಟಿ ಕೊಟ್ಟು ಮೂರನೇ ಬಾಗಿಲು ಅನ್ನುವವರ ದನಿ. ಹೊಟ್ಟೆ ಉರಿಯಬೇಕಿತ್ತು, ಉರಿಯುತ್ತಿಲ್ಲ. ಪರದೆಯ ಸಂದಿಯಿಂದ ಮಧ್ಯಾಹ್ನದ ಬಿಸಿಲು ಒಂದು ಗೆರೆ ಎಳೆದಿದೆ, ಹಸಿರು ಬಟ್ಟೆಯ ಮೇಲೆ, ನನ್ನ ಮುಂದೆಯೇ, ಅದು ಕೂಡ ಬೆಚ್ಚಗಿಲ್ಲ.

ಏಳಬೇಕು. ನಾನೇ ಮಾಡಿಕೊಂಡ ಕಟ್ಟಳೆ ಇದು, ಇಂಥ ಪೆಟ್ಟು ಬಿದ್ದ ಕೂಡಲೇ ಕುರ್ಚಿ ಬಿಟ್ಟು ಏಳಬೇಕು, ಮೊಣಕೈವರೆಗೆ ತಣ್ಣೀರು ಬಿಟ್ಟುಕೊಳ್ಳಬೇಕು, ಕಟ್ಟಡಕ್ಕೆ ಒಂದು ಸುತ್ತು ಹಾಕಬೇಕು, ಹೊಟ್ಟೆಗೆ ಏನಾದರೂ ಹಾಕಬೇಕು, ಆಮೇಲೆ ಕೂರುವುದೋ ಮನೆಗೆ ಹೋಗುವುದೋ ನೋಡಬೇಕು. ಇದು ನನಗೆ ಜೂಜಲ್ಲ, ಕಸುಬು, ಅತ್ತೆ ಕೂಡ ಪಕ್ಕದ ಮನೆಯವರಿಗೆ ನಮ್ಮ ಸೊಸೆ ಲೆಕ್ಕದ ಕೆಲಸದಲ್ಲಿದಾಳೆ ಅಂತ ಹೇಳಿಕೊಂಡು ಓಡಾಡುತ್ತಾರೆ, ಸುಳ್ಳೇನೂ ಅಲ್ಲ, ಕಡಿಮೆ ನಿಜ ಅಷ್ಟೇ. ಪೆಟ್ಟು ತಿಂದವರು ತಲೆ ಕೆಟ್ಟು ಆಡುವುದಕ್ಕೆ ಇಲ್ಲಿ ಟಿಲ್ಟ್ ಅನ್ನುತ್ತಾರೆ, ವಾಲುವುದು, ನೆಟ್ಟಗಿದ್ದ ಕಂಬ ವಾಲುವ ಹಾಗೆ. ಮೂಲೆ ಮೇಜಿನ ಔಷಧಿ ಅಂಗಡಿಯವನು ವಾಲಿದರೆ ಇಡೀ ಕೋಣೆಗೆ ಗೊತ್ತಾಗುತ್ತದೆ, ಕಿವಿ ಕೆಂಪಾಗುತ್ತದೆ, ಎಲೆಗಳನ್ನು ಬೈಯುತ್ತಾನೆ, ಹಂಚುವವಳನ್ನು ಬೈಯುತ್ತಾನೆ, ಎಸಿಯನ್ನೂ ಬಿಡುವುದಿಲ್ಲ, ಕುರ್ಚಿ ಒದ್ದು ಹೊರಗೆ ಹೋಗಿ ಸಿಗರೇಟು ಸೇದಿ ಬರುತ್ತಾನೆ, ಮುಗಿಯಿತು, ಜ್ವರ ಬಿಟ್ಟ ಮೈ. ನನಗೆ ಜ್ವರವೇ ಬರುವುದಿಲ್ಲ. ಮೇಷ್ಟ್ರು ಹೇಳಿದ್ದರು – ಈ ಆಟ ಕಲಿಸಿದವರು, ಈಗ ಎಲ್ಲ ಬಿಟ್ಟು ತಾರಸಿಯಲ್ಲಿ ಗುಲಾಬಿ ಬೆಳೆಸುತ್ತಾರೆ – ನಿನ್ನ ಮುಖ ನಂಬಬೇಡಮ್ಮ, ಅದಕ್ಕೆ ನಾಟಕ ಬರುತ್ತೆ, ಮೇಜಿನ ಕೆಳಗೆ ನಾಡಿ ಹಿಡ್ಕೊಂಡು ನೋಡು, ಓಡ್ತಾ ಇದ್ರೆ ಎದ್ದುಬಿಡು. ಹಿಡಿದು ನೋಡುತ್ತಿದ್ದೇನೆ, ಎಡಗೈ ಮಣಿಕಟ್ಟು, ಎರಡು ಬೆರಳು, ಓಡುತ್ತಿಲ್ಲ, ಊಟ ಮಾಡಿ ಮಲಗಿದವರ ನಾಡಿ, ಅಂದರೆ ಸರಿಯಾಗಿದ್ದೇನೆ, ಅಂದರೆ ಏಳಬೇಕಾಗಿಲ್ಲ, ಹೋದ ಸಲವೂ ಹೀಗೇ ಹಿಡಿದು ನೋಡಿದ್ದೆ, ಹೀಗೇ ಇತ್ತು, ಮೇಷ್ಟ್ರಿಗೆ ಹೇಳಬೇಕು, ಮೇಷ್ಟ್ರೇ ನಿಮ್ಮ ಪರೀಕ್ಷೆಯಲ್ಲಿ ಪಾಸಾಗಿಯೇ ನಾನು ಮುಳುಗುವುದು ಅಂತ. ಅವರು ಗುಲಾಬಿಗೆ ಗೊಬ್ಬರ ಹಾಕುತ್ತಾ ಹೌದಾ ಅನ್ನುತ್ತಾರೆ. ಕಾಫಿ ಯಂತ್ರ ಕೆಮ್ಮುತ್ತಿದೆ, ಯಾರಿಗೋ ಕಾಫಿ ಬೇಕಂತೆ, ನನಗೆ ಏನೂ ಬೇಡ.

ಹೋದ ಚಳಿಗಾಲದಲ್ಲಿ ಇದೇ ಮೇಜು, ಇದೇ ಹಸಿರು, ಒಂದೇ ಮಧ್ಯಾಹ್ನದಲ್ಲಿ ಇದ್ದಷ್ಟನ್ನೂ ತಳ್ಳಿ ಎದ್ದಿದ್ದೆ, ಯಾರೂ ಕಿತ್ತುಕೊಳ್ಳಲಿಲ್ಲ, ಕೆಲಸಕ್ಕೆ ಬಾರದ ಎಲೆ ಅಂತ ಗೊತ್ತಿದ್ದೂ ಒಂದಾದ ಮೇಲೊಂದು ತಳ್ಳಿದೆ, ಕೊನೆಯ ಬಿಲ್ಲೆ ಹೋದಾಗ ಹೊಸ ಚಪ್ಪಲಿ ಬಿಚ್ಚಿಟ್ಟಷ್ಟು ಹಾಯೆನಿಸಿತು, ಮನೆಗೆ ಹೋಗಿ ಎರಡು ಸಲ ಬಡಿಸಿಕೊಂಡು ಉಂಡೆ, ಚೆನ್ನಾಗಿ ನಿದ್ದೆ ಬಂತು. ನನ್ನ ಗಂಡನಿಗೆ ನಿದ್ದೆ ಬರಲಿಲ್ಲ. ಅವರು ಡ್ರೈವಿಂಗ್ ಸ್ಕೂಲಿನವರು, ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಕಲಿಯುವವರ ಕೈಗೆ ಸ್ಟೇರಿಂಗ್ ಕೊಟ್ಟು ಬೀದಿಗೆ ಬಿಡುತ್ತಾರೆ, ಆ ಕಾರಿನಲ್ಲಿ ಅವರ ಕಾಲಡಿಯೂ ಒಂದು ಬ್ರೇಕು ಇದೆ, ಕಲಿಯುವವರು ಕೈ ಬಿಟ್ಟರೆ ಇವರು ಒತ್ತುತ್ತಾರೆ. ಆಮೇಲಾಮೇಲೆ ಆ ಕಾಲಿಗೆ ಅದೇ ಚಾಳಿಯಾಯಿತು, ಬಸ್ಸಿನಲ್ಲಿ ಕೂತರೂ ಒತ್ತುತ್ತಾರೆ, ಅವರ ತಂಗಿಯ ಕಾರಿನಲ್ಲಿ ಹಿಂದೆ ಕೂತರೂ ಒತ್ತುತ್ತಾರೆ, ಅಣ್ಣ ಅಲ್ಲೇನೂ ಇಲ್ಲ ಕಣೋ, ನನ್ನ ಕಾರಿಗೆ ತೂತು ಬೀಳ್ಸಬೇಡ ಅಂತ ಅವಳು ನಗುತ್ತಾಳೆ, ಶೂವಿನ ಮುಂಭಾಗ ಮಡಚಿ, ಹಿಮ್ಮಡಿ ನೆಲಕ್ಕೂರಿ, ಬರಿಯ ಮ್ಯಾಟನ್ನು ಒತ್ತುವ ಆ ಬಲಗಾಲು. ಕಲಿಯುವವರ ಕೈ ನಾನು ನೋಡಲ್ಲ ಕಣೆ, ಭುಜ ನೋಡ್ತೀನಿ ಅಂದಿದ್ದರು ಒಮ್ಮೆ, ಹೆದರಿದೋರ ಭುಜ ಮೇಲಕ್ಕೆ ಹೋಗುತ್ತೆ, ಅವರಿಂದ ತೊಂದರೆ ಇಲ್ಲ, ಭುಜ ಕೆಳಗಿಳೀತು ಅಂದ್ರೆ ಎಲ್ಲಾ ಬಿಟ್ಟುಬಿಟ್ರು ಅಂತ, ಆಗ ನಾನು ಒತ್ತಬೇಕು. ಆ ಚಳಿಗಾಲದ ಮರುದಿನ ಊಟದ ಮೇಜಿನ ಮುಂದೆ ಕೂತು ಕೇಳಿದರು, ಸೋತ್ಯಾ, ಎಸೆದ್ಯಾ? ಅಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ, ಎಸೆದೆ ಅಂದೆ. ಸೋತರೆ ನಾನು ಮಾತಾಡಲ್ಲ, ನೂರು ಸಲ ಸೋಲು, ಎಸೆದರೆ ಮಾತ್ರ – ಇನ್ನೊಂದ್ಸಲ ಎಸೆದರೆ ನಾನು ಪಕ್ಕದ ಸೀಟಲ್ಲಿರಲ್ಲ, ಇಳಿದು ಹೋಗ್ತೀನಿ, ಆಣೆಗೂ ಹೋಗ್ತೀನಿ ಅಂದರು. ಕೂಗಲಿಲ್ಲ, ಅಳಲಿಲ್ಲ, ಮೇಜಿನ ಕೆಳಗೆ ಅವರ ಕಾಲು ನೆಲ ಒತ್ತುತ್ತಿತ್ತು, ನಾನು ನೋಡಿದೆ. ಅವರು ಹೋದರೆ ಮನೆ ಹೇಗಿರುತ್ತದೆ ಅಂತ ಆಗಾಗ ಯೋಚಿಸುತ್ತೇನೆ, ಶೂ ಇಡುವ ಜಾಗ ಖಾಲಿ, ಹಾಲು ಒಂದೇ ಲೋಟಕ್ಕೆ, ಅಲ್ಲಿಗೆ ಬಂದು ಯೋಚನೆ ಮರಗಟ್ಟಿ ನಿಂತುಬಿಡುತ್ತದೆ, ಅವರು ಹೋದರೆ ನಾನು ಉಳಿಯುವುದಿಲ್ಲ ಅಂತ ಗೊತ್ತಿದೆ, ಚೆನ್ನಾಗಿ ಗೊತ್ತಿದೆ, ಗೊತ್ತಿರುವುದು ಬೇರೆ, ಮೈಗೆ ತಟ್ಟುವುದು ಬೇರೆ.

ಹೊಸ ಎಲೆ ಬಂದಿದೆ, ನಾನು ಕುರ್ಚಿ ಬಿಡುವ ಮೊದಲೇ ಬಂದುಬಿಟ್ಟಿದೆ, ಅಂಚು ಎತ್ತಿ ನೋಡಿದರೆ ಇಸ್ಪೀಟ್ ಏಳು, ಡೈಮಂಡ್ ಎರಡು, ಎರಡಕ್ಕೂ ಜನ್ಮದಲ್ಲಿ ಹೊಂದಿಕೆಯಿಲ್ಲ, ಈ ಆಟದಲ್ಲಿ ಇದಕ್ಕಿಂತ ದರಿದ್ರದ ಜೋಡಿ ಇಲ್ಲ, ಕಲಿತ ಮೊದಲ ದಿನದವರೂ ಇದನ್ನು ಮಡಚಿ ವಾಪಸು ಕೊಡುತ್ತಾರೆ. ಹಲ್ಲುಕಡ್ಡಿ ಪಣ ಏರಿಸಿದ, ನನ್ನಿಂದ ಬಂದ ಬಿಲ್ಲೆಗಳಿಂದಲೇ ಏರಿಸಿದ, ಕಡ್ಡಿಯನ್ನು ಬಾಯ ಎಡದಿಂದ ಬಲಕ್ಕೆ ದಾಟಿಸಿಕೊಂಡ, ಒಳ್ಳೆಯ ಎಲೆ ಬಂದಾಗ ಹಾಗೆ ಮಾಡುತ್ತಾನೆ ಅಂತ ತಿಂಗಳಿಂದ ಗೊತ್ತು. ಮಡಚು. ಉಳಿದ ಅರ್ಧ ನನ್ನ ಕಸುಬಿನ ಬಂಡವಾಳ, ಇಷ್ಟೇ ಇರುವುದು, ಮಡಚು, ಎದ್ದು ಹೋಗಿ ಕೈ ತೊಳಿ. ನನ್ನ ಎರಡೂ ಅಂಗೈ ರಾಶಿಯ ಹಿಂದೆ ಬಂದು ನಿಂತಿವೆ, ನಾನು ಕರೆದಿಲ್ಲ, ಬಿಲ್ಲೆಗಳು ತಣ್ಣಗೆ, ಅಂಚು ಅಂಚಿಗೆ ಸರಿಯಾಗಿ ಕೂತಿವೆ, ಎಷ್ಟು ಅಚ್ಚುಕಟ್ಟು, ಇಷ್ಟು ಅಚ್ಚುಕಟ್ಟಾಗಿರುವುದನ್ನು ಕಾಯುತ್ತಾ ಕೂರುವುದು ಎಂಥ ಸುಸ್ತು, ಒಮ್ಮೆ ಎಳ್ಳುನೀರು ಬಿಟ್ಟರೆ ಕಾಯುವುದೇ ಇಲ್ಲ, ನಾಳೆ ಮಲಗಬಹುದು, ನಾಡಿದ್ದೂ ಮಲಗಬಹುದು, ಆಲ್ ಇನ್ – ಯಾರೋ ಅಂದರು, ಚೀಟಿ ಕೊಡುವವಳ ದನಿ, ನಾನೇ ಅಂದದ್ದು, ಬಾಯಿಂದ ಬಿದ್ದರೆ ಮುಗಿಯಿತು, ಇಲ್ಲಿ ಅದಕ್ಕೆ ವಾಪಸಾತಿ ಇಲ್ಲ. ಹಂಚುವವಳು ನನ್ನ ಮುಖ ನೋಡಿದಳು, ಆಲ್ ಇನ್ನಾ ಮೇಡಂ? ಹೌದಮ್ಮ. ಇದ್ದ ರಾಶಿಯೆಲ್ಲ ಪಣದ ಗೆರೆ ದಾಟಿತು, ಮೇಲಿನ ಒಂದು ಬಿಲ್ಲೆ ಉರುಳಿ ಬಿಸಿಲಿನ ಗೆರೆಯಲ್ಲಿ ಬಿತ್ತು, ಹಾಯೆನಿಸಲು ಶುರುವಾಗಿದೆ, ಕಾಲಿನಿಂದ ಮೇಲಕ್ಕೆ, ನಿಧಾನವಾಗಿ.

ಹಲ್ಲುಕಡ್ಡಿ ಯೋಚಿಸುತ್ತಿದ್ದಾನೆ, ಯೋಚಿಸಲಿ, ಅವನೂ ಅಷ್ಟೇ ಪಣ ಇಟ್ಟು ಕೂಡಿಕೊಂಡರೆ ಮೇಜಿನ ಮೇಲೆ ಐದು ಎಲೆ ಬೀಳುತ್ತವೆ, ಎಲ್ಲ ಮುಗಿಯುತ್ತದೆ, ನೋಡಲು ಬೇರೇನೂ ಇಲ್ಲದೆ ತಲೆ ಎತ್ತಿದೆ – ಹಿತ್ತಾಳೆ ಕಟಕಟೆಯ ಆಚೆ, ಆಟ ನೋಡುವವರು ನಿಲ್ಲುವಲ್ಲಿ, ನನ್ನ ಗಂಡ. ಕರೆದುಕೊಂಡು ಹೋಗಲು ಸಂಜೆಗೆ ಬರಬೇಕಿದ್ದವರು, ಯಾರೋ ಪಾಠಕ್ಕೆ ಬಂದಿಲ್ಲವೇನೋ, ಸ್ಕೂಲಿನ ಅಂಗಿಯಲ್ಲೇ ಇದ್ದಾರೆ, ಕೈಯಲ್ಲಿ ಕಾರಿನ ಕೀಲಿ. ಅಲ್ಲಿ ನಿಂತವರು ತುಟಿ ಬಿಚ್ಚುವಂತಿಲ್ಲ, ಬಿಚ್ಚಿದರೆ ಹೊರಗೆ ಹಾಕುತ್ತಾರೆ. ಎಕ್ಕ ಯಾವುದು ಗುಲಾಮ ಯಾವುದು ಅವರಿಗೆ ಇವತ್ತಿಗೂ ತಿಳಿಯದು, ನನ್ನ ಎಲೆ ಅವರಿಗೆ ಕಾಣುವುದೂ ಇಲ್ಲ, ಕಂಡರೂ ಅಷ್ಟೇ, ಅವರು ನೋಡುತ್ತಿರುವುದು ನನ್ನ ಭುಜ. ಕಟಕಟೆಯ ಕೆಳಗಿನ ಸಂದಿಯಲ್ಲಿ ಬಲಗಾಲು, ಶೂವಿನ ಮುಂಭಾಗ ಮಡಚಿದೆ, ಹಿಮ್ಮಡಿ ಊರಿದೆ, ಕಾರ್ಪೆಟ್ಟನ್ನು ಒತ್ತುತ್ತಿದೆ. ಎಷ್ಟು ಹೊತ್ತಿನಿಂದ ಒತ್ತುತ್ತಿತ್ತೋ. ಹೆದರಿಕೆಯಾಯಿತು, ಹೌದು, ಈಗ ಹೆದರಿಕೆಯಾಯಿತು, ರಾಶಿಯನ್ನು ಎಳೆದುಕೊಳ್ಳಲು ಕೈ ಹೊರಟಿತು, ಹಂಚುವವಳು ಅಂಗೈ ಅಡ್ಡ ಹಿಡಿದಳು, ಹಾಗೆ ಮಾಡೋ ಹಾಗಿಲ್ಲ ಮೇಡಂ. ಕೂಡಿಕೋಬೇಡಪ್ಪ, ನಿನ್ನ ದಮ್ಮಯ್ಯ, ಕೂಡಿಕೋಬೇಡ, ಅಂತ ಒಳಗೊಳಗೇ. ಹಲ್ಲುಕಡ್ಡಿ ನನ್ನ ಮುಖ ನೋಡಿದ, ಕಡ್ಡಿ ತೆಗೆದು ಮೇಜಿನ ಮೇಲಿಟ್ಟ, ಅಕ್ಕ ಸುಮ್ಮಸುಮ್ಮನೆ ಬರೋರಲ್ಲ, ಆ ಕೈ ಹಿಂದಕ್ಕೆ ಎಳೆಯೋದೂ ನಾಟಕ, ಎಕ್ಕಗಳ ಜೋಡಿನೇ ಇರ್ಬೇಕು, ನಮಸ್ಕಾರ ಅಕ್ಕ, ತಗೊಳ್ಳಿ. ಎಲೆ ಮಡಚಿ ಎಸೆದ. ಅಷ್ಟೇ. ನನ್ನದೂ ನನಗೆ, ಅವನು ಏರಿಸಿದ್ದೂ ನನಗೆ. ನನ್ನ ಎಲೆ ಯಾರೂ ನೋಡಲಿಲ್ಲ, ಕಟ್ಟಿಗೆ ಸೇರಿ ಹೋಯಿತು, ಏಳು ಎರಡು ಅಂತ ಈ ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ, ಭಲೇ ಅಂದರು ಪಕ್ಕದವರು, ಗೆದ್ದೆ, ರೀ, ಗೆದ್ದೆ, ಸೋತ್ಯಾ ಎಸೆದ್ಯಾ ಅಂತ ಕೇಳುವ ಪ್ರಮೇಯವೇ ಇಲ್ಲ, ನೋಡಿ, ಬಿಲ್ಲೆಗಳು ಈ ಕಡೆಗೇ ಬರುತ್ತಿವೆ, ಇದು ಅವರಿಗೂ ಅರ್ಥವಾಗುತ್ತದೆ, ನಾನು ನಕ್ಕರೆ ಅವರೂ ನಗುತ್ತಾರೆ ಅಂತ ನಕ್ಕೆ. ಅವರು ನಗಲಿಲ್ಲ. ಕಾಲು ತೆಗೀರಿ, ಆಯ್ತಲ್ಲ, ಏನೂ ಹೋಗಲಿಲ್ಲವಲ್ಲ, ಕಾಲು ತೆಗೀರಿ. ಹಂಚುವವಳು ಎಲೆ ಕಲೆಸಿ ಮತ್ತೆ ಹಂಚುತ್ತಿದ್ದಾಳೆ, ನನ್ನ ಮುಂದೆ ಒಂದು ಬಿತ್ತು, ಇನ್ನೊಂದು ಬಿತ್ತು, ಏಳಬೇಕು, ಎದ್ದರೆ ಅವರ ಹತ್ತಿರ ಹೋಗಿ ಹೇಳಬೇಕಾಗುತ್ತದೆ, ಗೆದ್ದೆ ಅಂತ ಹೇಳಿದರೆ ಸುಳ್ಳಾಗುವುದಿಲ್ಲ, ಎಸೆದೆ ಅಂತ ಹೇಳಿದರೆ ಕೀಲಿ ನನ್ನ ಕೈಗಿಟ್ಟು ಹೋಗುತ್ತಾರೆ, ಕೈ ತನ್ನಷ್ಟಕ್ಕೆ ಎಲೆಯ ಅಂಚು ಹುಡುಕುತ್ತಿದೆ, ಕಣ್ಣು ಎಲೆಗೆ ಇಳಿಯುತ್ತಿಲ್ಲ, ಕಟಕಟೆ, ಕಟಕಟೆಯ ಸಂದಿ, ಮಡಚಿದ ಚರ್ಮ, ಊರಿದ ಹಿಮ್ಮಡಿ, ಕಾರ್ಪೆಟ್ಟಿನಲ್ಲಿ ಬಿದ್ದ ತಗ್ಗು, ಅಲ್ಲೇನೂ ಇಲ್ಲ ರೀ, ಕಾಲು ತೆಗೀರಿ, ಅಲ್ಲೇನೂ ಇಲ್ಲ – ಒತ್ತಿದ ಕಾಲು, ಇನ್ನೂ ಒತ್ತಿಯೇ ಇದೆ.