ಹೆಗ್ಗಣದ ಎಡಗೈ

ಕಾಲೇಜಿನ ಮೂಳೆಕೋಣೆ ಖಾಲಿ ಮಾಡುತ್ತಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಕುಡಿಯುತ್ತಿದ್ದ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೊರಟೆ. ನಿವೃತ್ತಿಯಾಗಿ ಆರು ವರ್ಷವಾದರೂ ಕಾಲುಗಳು ದಾರಿ ಮರೆತಿರಲಿಲ್ಲ. ಅದೇ ಸ್ಪಿರಿಟ್ಟಿನ ವಾಸನೆ, ಅದೇ ಗಾಜಿನ ಬೀರುಗಳು. ಮೂರನೆಯ ಬೀರುವಿನ ಬಾಗಿಲು ಈಗಲೂ ಬೆಕ್ಕಿನ ಹಾಗೆ ಕೂಗುತ್ತಿತ್ತು.

ಮೇಜಿನ ಮೇಲೆ ಎರಡು ಪೆಟ್ಟಿಗೆ. ಒಂದರ ಮೇಲೆ ‘ಇರಲಿ’, ಇನ್ನೊಂದರ ಮೇಲೆ ‘ಬೇಡ’. ನನ್ನ ಮಾವನವರ ಹೆಗ್ಗಣ ‘ಬೇಡ’ದಲ್ಲಿ ಕೂತಿತ್ತು.

ಮಾವ ಮೂವತ್ತು ವರ್ಷ ಈ ಕೋಣೆಯಲ್ಲಿ ಪ್ರಾಣಿಗಳ ಎಲುಬು ಬಿಡಿಸಿ, ತೊಳೆದು, ತಂತಿಯಲ್ಲಿ ಪೋಣಿಸಿ ನಿಲ್ಲಿಸಿದವರು. ಎಲ್ಲರ ಬಾಯಲ್ಲೂ ಮೂಳೆ ಮೇಷ್ಟ್ರು. ಅವರು ಕಟ್ಟಿದ್ದರಲ್ಲಿ ಮುರಿಯದೆ ಉಳಿದದ್ದು ಇದೊಂದೇ.

“ಇದನ್ನ ಯಾಕಮ್ಮ ಬೇಡ ಅಂದ್ರಿ?” ಹೊಸ ಮೇಡಂನ ಕೇಳಿದೆ.

“ಅದರ ತೋಳು ನೋಡಿ ಅಮ್ಮ. ಬಲದ ಮೂಳೆ ಮೇಲೆ ಏಣು ಎದ್ದಿದೆ, ಎಡದ್ದು ಬೋಳು. ಯಾವುದೋ ಬೇರೆ ಪ್ರಾಣಿದು ತಂದು ಸಿಕ್ಕಿಸಿದ್ದಾರೆ. ಯಾರೋ ಕೈಲಾಗದವರ ಕೆಲಸ.”

ಹೆಗ್ಗಣಕ್ಕೆ ಕಟ್ಟಿದ ಚೀಟಿಯ ಮೇಲೆ ಮಾವನವರ ಹೆಸರಿತ್ತು. ಕೈಲಾಗದವರು ಎಂಬ ಮಾತು ನೆಟ್ಟಗೆ ಆ ಹೆಸರಿಗೇ ಹೋಗಿ ತಾಗಿತು.

ಆ ಹೆಗ್ಗಣ ಕಟ್ಟಿದ್ದು ನಾನು ಈ ಕೋಣೆಯಲ್ಲಿ ಅವರ ಕೈಕೆಳಗೆ ಕೆಲಸಕ್ಕೆ ಸೇರಿದ ಮೊದಲ ತಿಂಗಳು. ತವರಿನಲ್ಲಿ ನಾನು ಪಾತ್ರೆ ತಿಕ್ಕಿದರೆ ಮುಖ ನೋಡಿಕೊಳ್ಳಬಹುದು ಎನ್ನುತ್ತಿದ್ದರು. ಆ ಜಂಬ ಬೇರೆ. ಹೆಗ್ಗಣದ ಎಡತೋಳಿನ ಮೂಳೆ ಕೈಗೆತ್ತಿಕೊಂಡರೆ ಒಂದು ಪಕ್ಕದಲ್ಲಿ ಏನೋ ಉಬ್ಬು. ಸಣ್ಣ ಅರ ಹಿಡಿದು ಉಜ್ಜಿ ಉಜ್ಜಿ ತೆಗೆದೆ. ಬಲಗೈಗೆ ಬರುವಷ್ಟರಲ್ಲಿ ಮಾವ ಬಂದರು.

“ಏನ್ ಮಾಡ್ತಿದ್ದೀಯಮ್ಮ?”

“ಕೊಳೆ ಗಡ್ಡೆ ಕಟ್ಟಿತ್ತು ಮಾವ. ನುಣ್ಣಗೆ ಮಾಡ್ದೆ.”

ಅವರು ಕನ್ನಡಕ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು.

“ಕೊಳೆಯಲ್ಲ ತಾಯಿ. ಅದರ ರಟ್ಟೆ ಮಾಂಸ ಕಚ್ಚಿಕೊಳ್ಳೋ ಜಾಗ ಅದು, ಮಣ್ಣು ತೋಡೋ ಬಲ ಅಲ್ಲಿಂದಲೇ. ನೀನು ಉಜ್ಜಿದ್ದು ಅದರ ಹೊಟ್ಟೆಪಾಡನ್ನ.”

ನಾನು ಅಳುವುದೊಂದು ಬಾಕಿ. ಅವರು ಸ್ಟೂಲು ಎಳೆದು ಕೂತರು.

“ಎಲ್ಲಿ, ನಿನ್ನ ಮೊಣಕೈ ಮುಟ್ಟಿ ನೋಡು. ಹಿಂದೆ ತುದಿ ಚೂರೇ ಚೂರು ಅಲ್ವಾ? ಇದರದ್ದು ನೋಡು, ಎಷ್ಟು ಹಿಂದಕ್ಕೆ ಚಾಚಿದೆ. ಬೋರ್‌ವೆಲ್ ಪಂಪಿನ ಹಿಡಿ ಇದ್ದ ಹಾಗೆ. ಹಿಡಿ ಉದ್ದ ಇದ್ದಷ್ಟೂ ಒತ್ತೋದು ಸಲೀಸು. ಉಗುರೇ ಗುದ್ದಲಿ. ಓಡೋಕೆ ಉದ್ದ ಕೈ ಬೇಕು, ತೋಡೋಕೆ ಮೋಟು ಕೈ ಬೇಕು.”

“ಬೇರೆ ಹೆಗ್ಗಣ ತರಿಸೋಣ ಮಾವ.”

“ಇದನ್ನೇ ಕೂರಿಸೋಣ. ಯಾರಾದ್ರೂ ಕೇಳಿದ್ರೆ, ಇದು ಬಲಗೈ ಬಂಟ ಅಂತೀನಿ.”

ಮೀಸೆಯಡಿ ನಕ್ಕು ಚೀಟಿಗೆ ತಮ್ಮ ಹೆಸರು ಬರೆದರು. ಮನೆಯಲ್ಲಿ ಅತ್ತೆಗೂ ಬಾಯಿಬಿಡಲಿಲ್ಲ. ಆಮೇಲೆ ನಾನು ಹಾಲು ಉಕ್ಕಿಸಿದರೂ, ಬೀಗದ ಕೈ ಕಳೆದರೂ ಅವರದ್ದು ಒಂದೇ ಮಾತು, “ನುಣ್ಣಗೆ ಮಾಡ್ಬಿಟ್ಯಾ?” ಅತ್ತೆಗೆ ಕೊನೆವರೆಗೂ ಅದು ಅರ್ಥವಾಗಲಿಲ್ಲ.

ಈಗ ಮೇಡಂ ‘ಬೇಡ’ದ ಪೆಟ್ಟಿಗೆ ಮುಚ್ಚಲು ಹೊರಟಿದ್ದರು.

“ಬೇರೆ ಪ್ರಾಣಿದಲ್ಲ ಅಮ್ಮ, ಅದರದ್ದೇ ಮೂಳೆ. ನಾನೇ ಉಜ್ಜಿ ಹಾಳು ಮಾಡಿದ್ದು. ಚೀಟೀಲಿ ಹೆಸರಿದೆಯಲ್ಲ, ನಮ್ಮ ಮಾವ, ಅವರು ತಮ್ಮ ಮೇಲೆ ಹಾಕ್ಕೊಂಡ್ರು.”

“ಉಜ್ಜಿದ್ರಾ? ಯಾಕೆ?”

“ಕೊಳೆ ಅಂದ್ಕೊಂಡೆ.”

ಆಕೆಗೆ ನಗು ತಡೆಯಲಾಗಲಿಲ್ಲ. ನಾನು ಪಂಪಿನ ಹಿಡಿಯಿಂದ ಹಿಡಿದು ಮೋಟು ಕೈವರೆಗೆ ಮಾವ ಹೇಳಿದ್ದನ್ನೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಅವರ ದನಿಯೇ ನನ್ನ ಬಾಯಿಗೆ ಬಂದಿತ್ತು. ಮೇಡಂ ತಮ್ಮ ಮೊಣಕೈ ಮುಟ್ಟಿಕೊಂಡರು. ಆಮೇಲೆ ಬಲದ ಏಣಿನ ಮೇಲೆ ಬೆರಳಾಡಿಸಿದರು, ಎಡದ ಬೋಳಿನ ಮೇಲೂ.

“ಒಂದು ತೋಡೋ ಕೈ, ಒಂದು ತೋಡಲಾಗದ ಕೈ,” ಎಂದರು. “ಮಕ್ಕಳಿಗೆ ಮುಟ್ಟಿಸಿದ್ರೆ ಸಾಕು, ಪಾಠವೇ ಬೇಡ.”

ಹೆಗ್ಗಣ ಪೆಟ್ಟಿಗೆ ಬದಲಾಯಿಸಿತು.

“ಚೀಟಿಗೆ ಒಂದು ಸಾಲು ಸೇರಿಸ್ಬೇಕು. ನೀವೇ ಬರೀರಿ ಅಮ್ಮ.”

ಮಾವನವರ ಹೆಸರನ್ನು ಹಾಗೇ ಬಿಟ್ಟು ಅದರ ಕೆಳಗೆ ಬರೆದೆ: ‘ಎಡಗೈ ನುಣ್ಣಗೆ ಮಾಡಿದವಳು, ಸೊಸೆ.’