ಹನ್ನೊಂದನೇ ಕಲಂ

ಅಕ್ಕನ ಶವಪೆಟ್ಟಿಗೆಯ ಹಿಡಿಗೆ ಭಾವನ ಕೈ ತಾಗಿದ್ದೇ ತಡ, ತಂಗಿ ಮೊಣಕೈಯಿಂದ ಅವನ ಪಕ್ಕೆಗೆ ಬಲವಾಗಿ ತಿವಿದಳು.

"ಮುಟ್ಟಬೇಡ. ಅವಳು ಬದುಕಿದ್ದಾಗ ಮುಟ್ಟಿದ್ದೇ ಸಾಕು."

ಅವನು ಎರಡು ಹೆಜ್ಜೆ ಹಿಂದಕ್ಕೆ ಹೋದ. ಸ್ಮಶಾನದ ಗೇಟಿನ ಬಳಿ ವ್ಯಾನಿನಿಂದ ಪೆಟ್ಟಿಗೆ ಇಳಿಸುತ್ತಿದ್ದ ಮೇಷ್ಟ್ರುಗಳು ಕೈಯಲ್ಲಿ ಭಾರ ಹಿಡಿದೇ ನಿಂತುಬಿಟ್ಟರು.

"ನಾನು ಗಂಡ ಕಣೇ. ಕಾಗದದ ಮೇಲೆ ಇವತ್ತಿಗೂ ಗಂಡನೇ."

"ಹಾಗಾದ್ರೆ ಹೋಗಿ ಕಾಗದ ಹೊತ್ಕೋ."

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕು ಸುಮ್ಮನಾದರು. ತಂಗಿ ಅವನ ಮುಖ ನೋಡಿ ಎಂಟು ವರ್ಷವಾಗಿತ್ತು. ಲೇತ್ ಕೆಲಸದವನ ದಪ್ಪ ಮಣಿಕಟ್ಟು ಹಾಗೇ ಇತ್ತು. ಕೆಳಗಿನ ಸಾಲಿನ ಎರಡು ಹಲ್ಲಿನ ಜಾಗವೂ ಹಾಗೇ ಖಾಲಿಯಿತ್ತು. ಅದನ್ನು ನೋಡಿದಾಗ ಮೂರು ದಿನದಲ್ಲಿ ಮೊದಲ ಸಲ ಅವಳ ಹೊಟ್ಟೆ ತಣ್ಣಗಾಯಿತು.

"ಸ್ಮಶಾನದಲ್ಲಿ ಜಗಳ ಬೇಡಮ್ಮ," ಅಂದರು ಹೆಡ್‌ಮೇಷ್ಟ್ರು. ಮುಂದಿನ ವರ್ಷ ನಿವೃತ್ತರಾಗಲಿರುವ ಸಣಕಲು ಮನುಷ್ಯ. "ಪೆಟ್ಟಿಗೆ ಎತ್ತೋಣ. ಮಕ್ಕಳು ಬಿಸಿಲಲ್ಲಿ ನಿಂತಿದಾರೆ."

ಶಾಲೆಯ ಮಕ್ಕಳು ಗೋಡೆಯುದ್ದಕ್ಕೂ ಸಾಲುಗಟ್ಟಿದ್ದರು. ಅವರಿಂದ ಮಾರುದೂರದಲ್ಲಿ ಒಬ್ಬಳೇ ನಿಂತಿದ್ದಳು ಒಂಬತ್ತನೇ ತರಗತಿಯ ಆ ಎತ್ತರದ ಹುಡುಗಿ. ತುಟಿ ಸೀಳಿ ಕಪ್ಪುಗಟ್ಟಿತ್ತು. ಮೂರು ದಿನದ ಹಿಂದೆ ಊಟದ ಬಿಡುವಿನಲ್ಲಿ ಇವಳೂ, ಗಿಡ್ಡಿ ಅಂತ ಎಲ್ಲರೂ ಕರೆಯುವ ಇನ್ನೊಬ್ಬಳೂ ಕೈಗೆ ಸಿಕ್ಕಿದ್ದರಲ್ಲಿ ಬಡಿದಾಡಿಕೊಂಡಿದ್ದರು. ಬಿಡಿಸಲು ಹೋದ ಅಕ್ಕನನ್ನು, ಅವರ ಟೀಚರನ್ನು, ಇವಳು ತಳ್ಳಿದ್ದಳು. ಅಕ್ಕನ ತಲೆಯ ಹಿಂಭಾಗ ಮೆಟ್ಟಿಲಂಚಿಗೆ ಬಡಿದಿತ್ತು. ಅಷ್ಟೇ. ಪೊಲೀಸರು ಎಲ್ಲರನ್ನೂ ಕೇಳಿ, ಆಕಸ್ಮಿಕ ಎಂದು ಬರೆದುಕೊಂಡು ಹೋಗಿದ್ದರು.

ತಂಗಿ ಮಾತ್ರ ಆಕಸ್ಮಿಕ ಎಂದು ಎಲ್ಲೂ ಬರೆದುಕೊಂಡಿರಲಿಲ್ಲ. ಆ ಹುಡುಗಿಯ ಕುತ್ತಿಗೆ ಹಿಸುಕಿದರೆ ಹೇಗಿರುತ್ತದೆ ಎಂದು ಬೆಳಿಗ್ಗೆಯಷ್ಟೇ ಯೋಚಿಸಿದ್ದಳು.

*

ಅಕ್ಕ ಅದೇ ಶಾಲೆಯಲ್ಲಿ ಮೊದಲು ಆಯಾ ಆಗಿದ್ದವಳು. ಹತ್ತು ವರ್ಷ ನೆಲ ಒರೆಸಿದಳು, ಬಿದ್ದ ಮಕ್ಕಳ ಮಂಡಿ ತೊಳೆದಳು. ಮೇಷ್ಟ್ರು ಬಾರದ ದಿನ ತರಗತಿ ಗಲಾಟೆ ಮಾಡದಂತೆ ಕಾಯುತ್ತ ಕಾಯುತ್ತ, ಭಿನ್ನರಾಶಿ ಹೇಳಿಕೊಡತೊಡಗಿದಳು. ಮಕ್ಕಳಿಗೆ ಅರ್ಥವಾಯಿತು. ಒಂದು ದಿನ ತಪಾಸಣೆಗೆ ಬಂದ ಅಧಿಕಾರಿ ಬಾಗಿಲಲ್ಲೇ ನಿಂತು, "ನಿಮಗೆ ಪಾಠ ಮಾಡೋ ಲೈಸೆನ್ಸ್ ಇದೆಯಾ?" ಎಂದು ಕೇಳಿದ. ಇಲ್ಲವೆಂದಾಗ ಮಕ್ಕಳೆದುರೇ ಹೊರಗೆ ಕಳಿಸಿದ.

ಹೆಡ್‌ಮೇಷ್ಟ್ರು ಮರುದಿನ ಒಂದು ಪಟ್ಟಿ ಬರೆದುಕೊಟ್ಟರು. ಡಿಗ್ರಿ, ಎರಡು ವರ್ಷದ ತರಬೇತಿ, ಪರೀಕ್ಷೆ, ಪರೀಕ್ಷಕರ ಮುಂದೆ ನಲವತ್ತು ಪಾಠ, ಡಾಕ್ಟರ ಪತ್ರ, ಪೊಲೀಸರ ಪತ್ರ, ಕೊನೆಗೆ ಅರ್ಜಿ.

"ಬಸ್ ಓಡಿಸೋಕೂ ಇಷ್ಟು ಕೇಳಲ್ಲ ಸರ್."

"ಬಸ್ಸಿನೋನು ಐವತ್ತು ಜನರನ್ನ ಒಂದೇ ಸಲ ಹಳ್ಳಕ್ಕೆ ಬೀಳಿಸ್ತಾನೆ. ನಾವು ಮೂವತ್ತು ವರ್ಷ ಬೀಳಿಸಬಹುದು."

ಅಂಚೆಯ ಮೂಲಕ ಡಿಗ್ರಿ ಮುಗಿಸುವಷ್ಟರಲ್ಲಿ ಅವಳ ಎರಡು ಕಂತೆ ಪುಸ್ತಕಗಳು ಒಲೆ ಸೇರಿದ್ದವು. ಭಾವ ಕುಡಿಯುತ್ತಿರಲಿಲ್ಲ. ಕುಡಿದು ಹೊಡೆಯುತ್ತಾನೆ ಎಂದು ಹೇಳಿಕೊಂಡು ಪಾರಾಗುವ ದಾರಿಯೂ ಅಕ್ಕನಿಗಿರಲಿಲ್ಲ. ಕೆಲಸದಿಂದ ಬಂದು, ಕೈಕಾಲು ತೊಳೆದು, ಊಟ ಮುಗಿಸಿ, ಆಮೇಲೆ ಹೊಡೆಯುತ್ತಿದ್ದ.

ತರಬೇತಿಯ ಪರೀಕ್ಷೆಯ ಹಿಂದಿನ ಸಂಜೆ ಅವಳ ಬಲಗೈಯನ್ನು ಬಾಗಿಲ ಸಂದಿಗೆ ಇಟ್ಟು, ಬಾಗಿಲಿಗೆ ಭುಜ ಕೊಟ್ಟು ಒತ್ತಿದ. ಮೂರು ಬೆರಳು. ಅವಳು ಕೂಗಿದ್ದಕ್ಕೆ ಪಕ್ಕದ ಮನೆಯಾಕೆ ರೇಡಿಯೋ ಜೋರು ಮಾಡಿದಳಂತೆ. ಮರುದಿನ ಹೆಬ್ಬೆರಳು ಕಿರುಬೆರಳ ನಡುವೆ ಪೆನ್ನು ಸಿಕ್ಕಿಸಿಕೊಂಡು ಮೂರು ಗಂಟೆ ಬರೆದಳು. ಆರು ಅಂಕಕ್ಕೆ ಫೇಲಾದಳು.

"ಬರೆದಿದ್ದು ನನಗೇ ಓದೋಕಾಗ್ತಿರಲಿಲ್ಲ," ಎಂದು ನಕ್ಕಳು ತಂಗಿಯ ಹೊಲಿಗೆ ಅಂಗಡಿಯಲ್ಲಿ ಕೂತು. "ಪಾಪ, ಅವರೇನು ಮಾಡ್ತಾರೆ?"

"ನೀನು ನಗ್ತೀಯಲ್ಲ, ನನ್ನ ಮೈ ಉರೀತದೆ."

"ಮುಂದಿನ ವರ್ಷ ಬರೀತೀನಿ ಬಿಡು."

ಬರೆದಳು. ಪಾಸಾದಳು. ಪಾಠಗಳು ಶುರುವಾದವು. ನಲವತ್ತನೆಯದು ಕೋನಗಳ ಬಗ್ಗೆ. ಹಿಂದಿನ ಬೆಂಚಿನಲ್ಲಿ ಇಬ್ಬರು ಪರೀಕ್ಷಕರು. ಅಕ್ಕ ಬೋರ್ಡಿನ ದೊಡ್ಡ ಮರದ ಕೈವಾರ ಹಿಡಿದು ಕಂಸ ಎಳೆಯುತ್ತಿದ್ದಾಗ ಭಾವ ಬಾಗಿಲು ಒದ್ದು ಒಳಬಂದ. ಮಾತಿಲ್ಲ, ಬೈಗುಳವಿಲ್ಲ. ಜಡೆಗೆ ಕೈಹಾಕಿ, ಚೀಲ ಎಳೆಯುವವನಂತೆ ಅವಳನ್ನು ಮೇಜಿನ ಸುತ್ತ ಎಳೆದ. ಅವಳ ಹಣೆ ಮೇಜಿನ ಮೂಲೆಗೆ ಬಡಿಯಿತು. ಪರೀಕ್ಷಕರು ಎದ್ದು ನಿಂತರು, ಎದ್ದು ನಿಂತೇ ಇದ್ದರು.

ಅಕ್ಕ ಕೈವಾರ ಬೀಸಿದಳು. ಒಂದು ಸಲವಲ್ಲ. ಅವನು ಕೆಳಗೆ ಬಿದ್ದ ಮೇಲೂ ಬೀಸಿದಳು. ಎರಡು ಹಲ್ಲು ಬೆಂಚಿನ ಕೆಳಗೆ ಉರುಳಿದವು.

ಮಕ್ಕಳು ಚಪ್ಪಾಳೆ ತಟ್ಟಿದರು.

"ಬೆರಳು ಮುರಿದಾಗ ನಾನು ಅತ್ತಿರಲಿಲ್ಲ ಕಣೇ," ಎಂದಿದ್ದಳು ಅಕ್ಕ ಆ ಸಂಜೆ ತಂಗಿಯ ಮನೆಯ ಮೆಟ್ಟಿಲ ಮೇಲೆ, ಹಣೆಗೆ ಬಟ್ಟೆ ಒತ್ತಿ ಹಿಡಿದು. "ಆ ಚಪ್ಪಾಳೆ ಕೇಳಿ ಅಳು ಬಂತು. ಕೋನ ಯಾರಿಗೂ ನೆನಪಿರಲ್ಲ. ಇದು ನೆನಪಿರುತ್ತೆ."

ಅವಳು ಮತ್ತೆ ಗಂಡನ ಮನೆಗೆ ಹೋಗಲಿಲ್ಲ. ಅವನು ನೆಟ್ಟಗೆ ಠಾಣೆಗೆ ಹೋಗಿ ಅವಳ ಮೇಲೆ ದೂರು ಕೊಟ್ಟ.

*

ಅರ್ಜಿಯ ಹನ್ನೊಂದನೇ ಕಲಂನಲ್ಲಿ ಒಂದು ಪ್ರಶ್ನೆಯಿತ್ತು: ನಿಮ್ಮ ಮೇಲೆ ಯಾವುದಾದರೂ ಕ್ರಿಮಿನಲ್ ಪ್ರಕರಣ ದಾಖಲಾಗಿದೆಯೇ?

"ಇಲ್ಲ ಅಂತ ಬರಿ," ಅಂದಳು ತಂಗಿ. "ಯಾರು ಹುಡುಕ್ತಾ ಕೂರ್ತಾರೆ?"

"ನಾಳೆ ಮಕ್ಕಳು ಕಾಪಿ ಹೊಡೆದ್ರೆ ಏನಂತ ಹೇಳ್ಲಿ?"

"ಅಯ್ಯೋ ಮಾರಾಯ್ತಿ, ಹತ್ತು ವರ್ಷ ಒದೆ ತಿಂದು ಇಲ್ಲಿಗೆ ಬಂದಿದೀಯ. ದಡ ಸೇರೋ ಹೊತ್ತಿಗೆ ದೋಣಿಗೆ ತೂತು ಹಾಕ್ಕೋತೀಯಾ?"

ಅಕ್ಕ "ಹೌದು" ಎಂದು ಬರೆದಳು. ಜಾಗ ಸಾಲದೆ ಹಾಳೆಯ ಹಿಂಬದಿಗೂ ಹೋಗಿ, ಸೊಟ್ಟ ಅಕ್ಷರಗಳಲ್ಲಿ ನಡೆದದ್ದೆಲ್ಲ ಬರೆದಳು. ಬಿದ್ದವನಿಗೂ ಹೊಡೆದೆ ಎಂಬುದನ್ನೂ ಬಿಡಲಿಲ್ಲ.

ವಿಚಾರಣೆಗೆ ಕರೆದರು. ಉದ್ದನೆ ಮೇಜು, ಆಚೆ ಮೂವರು. ತಂಗಿ ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ನಡುವೆ ಇದ್ದ ಹಿರಿಯ ಅಧಿಕಾರಿಣಿ ಹಾಳೆಯ ಹಿಂದೆ ಮುಂದೆ ಓದಿ, ಕನ್ನಡಕ ತೆಗೆದರು.

"ಮತ್ತೆ ಹೊಡೀತೀರಾ?"

"ಮಕ್ಕಳನ್ನಾ? ಇಲ್ಲ ಮೇಡಂ."

"ಅವರನ್ನ?"

ಅಕ್ಕ ಯೋಚಿಸಿದಳು. ಇಲ್ಲ ಅನ್ನು ಎಂದು ತಂಗಿ ಗೋಡೆ ಪಕ್ಕದಿಂದ ತಲೆಯಾಡಿಸಿದಳು.

"ಮಕ್ಕಳ ಮುಂದೆ ಹೊಡೆಯಲ್ಲ."

ಅಧಿಕಾರಿಣಿಯ ಪಕ್ಕದವನು ಕೆಮ್ಮಿದ. ಪ್ರಕರಣ ಮುಗಿದ ಮೇಲೆ ಬನ್ನಿ ಎಂದು ಕಳಿಸಿದರು. ಕೋರ್ಟು ಎರಡು ವರ್ಷ ತಿಂದು, ಕೊನೆಗೆ ಅವಳನ್ನು ಖುಲಾಸೆ ಮಾಡಿತು. ಆ ಎರಡು ವರ್ಷ ಅಕ್ಕ ಅದೇ ಶಾಲೆಯ ನೆಲ ಒರೆಸಿದಳು. ಲೈಸೆನ್ಸು ಕೈಗೆ ಬಂದಾಗ ಅವಳಿಗೆ ನಲವತ್ತಮೂರು. ಅದಾಗಿ ಆರೇ ಆರು ವರ್ಷ ಪಾಠ ಮಾಡಿದಳು.

*

ಪೆಟ್ಟಿಗೆಗೆ ಆರು ಹಿಡಿ. ಹೆಡ್‌ಮೇಷ್ಟ್ರು, ಡ್ರಿಲ್ ಮೇಷ್ಟ್ರು, ಇನ್ನಿಬ್ಬರು ಮೇಷ್ಟ್ರುಗಳು, ವ್ಯಾನಿನವನು, ತಂಗಿ. ಗುಂಡಿಗೆ ಹೋಗುವ ಕಾಲುದಾರಿಯಲ್ಲಿ ನಾಲ್ಕು ಹೆಜ್ಜೆ ಹೋಗಿದ್ದರೋ ಇಲ್ಲವೋ, ಹಿಂದಿನಿಂದ ಕಿರುಚಾಟ ಕೇಳಿಸಿತು.

ಎತ್ತರದ ಹುಡುಗಿ ಯಾರೆಂದು ಭಾವನಿಗೆ ಯಾರೋ ತೋರಿಸಿಕೊಟ್ಟಿದ್ದರು.

"ನನ್ನ ಹೆಂಡ್ತೀನ ಕೊಂದೋಳು ನೀನೇ ಏನೇ?"

ಅವಳ ಕೂದಲು ಅವನ ಮುಷ್ಟಿಯಲ್ಲಿತ್ತು. ಹುಡುಗಿ ಬಿಡಿಸಿಕೊಳ್ಳಲು ನೋಡಲಿಲ್ಲ. ಕೈ ಇಳಿಬಿಟ್ಟು ನಿಂತಿದ್ದಳು. ಅವನು ಕೆನ್ನೆಗೆ ಬಾರಿಸಿದ. ಒಣಗಿದ ತುಟಿ ಮತ್ತೆ ಒಡೆಯಿತು. ಜನರಲ್ಲಿ ಯಾರೋ, "ಹಾಕಿ ಇನ್ನೆರಡು!" ಎಂದರು.

ಪೆಟ್ಟಿಗೆಯನ್ನು ನೆಲಕ್ಕಿಟ್ಟು ಹೆಡ್‌ಮೇಷ್ಟ್ರು ಓಡಿದರು. ಭಾವ ತಿರುಗದೆಯೇ ಬೀಸಿದ ಕೈ ಅವರ ಮೂಗಿಗೆ ಬಿತ್ತು. ಅವರು ಕನ್ನಡಕ ಹುಡುಕುತ್ತ ಮಣ್ಣಿನಲ್ಲಿ ಕೂತರು, ಗಡ್ಡದ ಮೇಲೆಲ್ಲ ರಕ್ತ.

ತಂಗಿಗೆ ಆಮೇಲೆ ನೆನಪಾಗುತ್ತಿದ್ದುದು ಇಷ್ಟೇ: ಒಂದು ಗಳಿಗೆ ತಾನೂ ಸುಮ್ಮನೆ ನೋಡುತ್ತ ನಿಂತಿದ್ದಳು. ಬೀಳಲಿ, ಇನ್ನೊಂದು ಬೀಳಲಿ ಎಂದು ಒಳಗೊಂದು ದನಿ ಹೇಳುತ್ತಿತ್ತು. ಆಮೇಲೆ ಅವಳ ಕಣ್ಣು ಕೂದಲು ಸುತ್ತಿಕೊಂಡ ಆ ಮಣಿಕಟ್ಟಿನ ಮೇಲೆ ನಿಂತಿತು.

ಅವಳು ನಡುವೆ ನುಗ್ಗಿದಳು. ಹುಡುಗಿಗೆಂದು ಬಂದ ಏಟು ಅವಳ ದವಡೆಗೆ ಬಿತ್ತು. ಬಾಯಲ್ಲಿ ಉಪ್ಪು ಉಪ್ಪು. ಪಕ್ಕದ ಮಣ್ಣಿನ ರಾಶಿಗೆ ಚುಚ್ಚಿದ್ದ ಗುದ್ದಲಿ ಅವಳ ಕೈಗೆ ಹೇಗೆ ಬಂತೋ! ಎತ್ತಿದಳು. ಭಾವ ಕೂದಲು ಬಿಟ್ಟು ಹಿಂದೆ ಸರಿಯಲು ಹೋಗಿ ಮುಗ್ಗರಿಸಿ ಬಿದ್ದ. ಅವನ ಬೋಳುತಲೆ ಸರಿಯಾಗಿ ಅವಳ ಕಾಲ ಬಳಿ ಇತ್ತು. ಒಂದೇ ಒಂದು ಏಟು ಸಾಕಿತ್ತು.

"ಏಳು ನೋಡೋಣ," ಅಂದಳು. ಆ ದನಿ ಅವಳಿಗೇ ಗುರುತು ಸಿಗಲಿಲ್ಲ. "ಎದ್ದು ಇನ್ನೊಂದ್ಸಲ ಕೈ ಎತ್ತು."

ಅವನು ಏಳಲಿಲ್ಲ. ಗೋಡೆಯುದ್ದಕ್ಕೂ ನಿಂತ ಮಕ್ಕಳು ನೋಡುತ್ತಿದ್ದರು. ಅವಳ ಕೈಯ ಗುದ್ದಲಿ ಕೆಳಗೂ ಬರಲಿಲ್ಲ, ಮೇಲೂ ಹೋಗಲಿಲ್ಲ. ಗುಂಡಿ ತೋಡುವ ಮುದುಕ ಹತ್ತಿರ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಹಿಡಿಯಿಂದ ಬಿಡಿಸಿದ.

"ಕೊಡಿ ತಾಯಿ. ನನಗಿನ್ನೂ ಕೆಲಸ ಇದೆ."

ಡ್ರಿಲ್ ಮೇಷ್ಟ್ರು ಭಾವನನ್ನು ಕೊರಳಪಟ್ಟಿ ಹಿಡಿದು ಗೇಟಿನಾಚೆ ಎಳೆದೊಯ್ದು, ತಾವೂ ಅಲ್ಲೇ ಕಾವಲು ನಿಂತರು.

ತಂಗಿ ರಕ್ತ ಉಗಿದು ಹುಡುಗಿಯ ಕಡೆ ತಿರುಗಿದಳು.

"ಯಾಕೆ ಬಂದೆ?"

"ಟೀಚರ್ ಅಂತ ಗೊತ್ತಾಗ್ಲಿಲ್ಲ ಆಂಟಿ. ಹಿಂದಿನಿಂದ ಯಾರೋ ಹಿಡ್ಕೊಂಡ್ರು. ನೋಡ್ದೆ ತಳ್ಬಿಟ್ಟೆ." ಹುಡುಗಿ ಬಿಕ್ಕಿದಳು. "ನೀವೂ ಹೊಡೀರಿ."

"ಹೊಡೆಯೋ ಆಸೆ ಇದೆ. ಇವತ್ತಿಗೂ ಇದೆ, ನಾಳೆಗೂ ಇರುತ್ತೆ. ನಿನ್ನ ಕ್ಷಮಿಸಿದೀನಿ ಅಂದ್ಕೋಬೇಡ." ತಂಗಿ ಪೆಟ್ಟಿಗೆಯ ಕಡೆ ನೋಡಿದಳು. ಹೆಡ್‌ಮೇಷ್ಟ್ರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದರು, ಡ್ರಿಲ್ ಮೇಷ್ಟ್ರು ಗೇಟಿನಾಚೆ. ಹಿಂದಿನ ಎರಡು ಹಿಡಿ ಖಾಲಿ. "ಹೋಗು. ಹಿಂದುಗಡೆ ಹಿಡ್ಕೋ."

ಹುಡುಗಿ ಹೋಗಿ ಬಲಗಡೆ ಬಗ್ಗಿದಳು. ಎಡಗಡೆಯ ಹಿಡಿಗೆ ಯಾರೂ ಬರಲಿಲ್ಲ. ಕೊನೆಗೆ ಮಕ್ಕಳ ಸಾಲಿನಿಂದ ಗಿಡ್ಡಿ ಹೊರಗೆ ಬಂದಳು. ಅವಳ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಯಾರನ್ನೂ ಕೇಳಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಳ್ಳಲೂ ಇಲ್ಲ.

ಪೆಟ್ಟಿಗೆ ಮೇಲೆದ್ದಿತು. ಎತ್ತರದವಳ ಕಡೆ ಏರಿ, ಗಿಡ್ಡಿಯ ಕಡೆ ವಾಲಿತು. ಎತ್ತರದವಳು ಮಂಡಿ ಬಗ್ಗಿಸಿದಳು, ಗಿಡ್ಡಿ ತುದಿಗಾಲಲ್ಲಿ ನಿಂತಳು. ಹಾಗೆಯೇ, ಒಬ್ಬಳು ಕುಗ್ಗಿ, ಒಬ್ಬಳು ನಿಗುರಿ, ಗುಂಡಿಯವರೆಗೂ ನಡೆದರು.